ಸ್ಕೂಟರಿಗೂ ಒಂದು ಚೀಟಿ ಬರೆಸಿಕೊಡಿ: ಬಳ್ಳಾರಿ ಜಿಲ್ಲಾಧಿಕಾರಿಗಳಿಗೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಾನು ಈ ಊರಿನ ಎರಡು ಮೂರು ಜೀನ್ಸ್ ಘಟಕಗಳ ಲೆಕ್ಕ ಬರೆಯುವವನು. ನಮ್ಮಲ್ಲಿ ಬಟ್ಟೆ ಕತ್ತರಿಸಿದ ಕೂಡಲೇ ಪ್ರತಿ ಕಟ್ಟಿಗೂ ಒಂದು ಚೀಟಿ ಬೀಳುತ್ತದೆ. ಯಾವ ಸೈಜು, ಎಷ್ಟು ಪೀಸು, ಯಾರ ಮಷಿನ್ನಿಗೆ ಹೋಯಿತು, ಎಲ್ಲವೂ ಅದರಲ್ಲಿರುತ್ತದೆ. ಹೊಲಿಗೆ ಮುಗಿದು ವಾಷಿಂಗಿಗೆ ಹೋದರೂ, ಅಲ್ಲಿಂದ ಗುಂಡಿ ಹಾಕುವವರ ಕೈಗೆ ಬಂದರೂ ಲೆಕ್ಕ ತಪ್ಪುವುದಿಲ್ಲ. ಕೆಲವೇ ನೂರು ರೂಪಾಯಿಯ ಪ್ಯಾಂಟಿಗೆ ಇಷ್ಟು ದಾಖಲೆ. ಕಳೆದ ಬೇಸಿಗೆಯಲ್ಲಿ ನನ್ನ ಸ್ಕೂಟರಿನ ರಿಪೇರಿಗೆ 5,900 ರೂಪಾಯಿ ಸುರಿದೆ. ಅದಕ್ಕೆ ನನ್ನ ಬಳಿ ಇರುವ ದಾಖಲೆ ಮೊಬೈಲಿಗೆ ಬಂದ ಬ್ಯಾಂಕಿನ ಮೂರು ಸಂದೇಶಗಳು. ಹಣ ಹೋಯಿತೆಂದು ಅವು ಹೇಳುತ್ತವೆ, ಯಾತಕ್ಕೆ ಹೋಯಿತೆಂದು ಹೇಳುವುದಿಲ್ಲ.

ನಡೆದದ್ದನ್ನು ಹೇಳುತ್ತೇನೆ. ನನ್ನ ತಾಯಿ ಕುಡತಿನಿ ಆಚೆಯ ಹಳ್ಳಿಯಲ್ಲಿದ್ದಾರೆ. ವಾರಕ್ಕೆರಡು ಸಲ ಹೋಗಿಬರುತ್ತೇನೆ. ಆ ರಸ್ತೆಯ ಧೂಳನ್ನು ತಮಗೆ ಪರಿಚಯಿಸಬೇಕಾಗಿಲ್ಲ. ಮುಂದೆ ಅದಿರಿನ ಲಾರಿ, ಹಿಂದೆ ಬೂದಿಯ ಟ್ಯಾಂಕರ್, ನಡುವೆ ನನ್ನಂಥವರು. ಮನೆಗೆ ಬಂದು ಮುಖ ತೊಳೆದರೆ ನೀರು ಕೆಂಪಗೆ ಇಳಿಯುತ್ತದೆ. ಏಪ್ರಿಲ್ ಹೊತ್ತಿಗೆ ಸ್ಕೂಟರಿನ ಎಳೆತ ಕಡಿಮೆಯಾಯಿತು. ಸೇತುವೆಯ ಏರಿನಲ್ಲಿ ಮುಕ್ಕತೊಡಗಿತು. ಲೀಟರಿಗೆ 45 ಕಿಲೋಮೀಟರ್ ಕೊಡುತ್ತಿದ್ದದ್ದು 32ಕ್ಕೆ ಇಳಿಯಿತು. (ಲೆಕ್ಕದವನಾದ್ದರಿಂದ ಪೆಟ್ರೋಲ್ ಹಾಕಿಸಿದಾಗಲೆಲ್ಲ ಬರೆದಿಡುವ ಚಟ ನನಗಿದೆ. ಮನೆಯಲ್ಲಿ ನಗುತ್ತಾರೆ.)

ಮೊದಲ ಗ್ಯಾರೇಜಿನಲ್ಲಿ ಪ್ಲಗ್ ಬದಲಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ತೊಳೆದೆವು ಎಂದು 650 ರೂಪಾಯಿ ತೆಗೆದುಕೊಂಡರು. ಎರಡನೆಯದರಲ್ಲಿ ಯಾವುದೋ ಸೆನ್ಸರ್ ಹೋಗಿದೆ ಎಂದು 2,850. ಹಳೆಯ ಸೆನ್ಸರ್ ಕೊಡಿ ಎಂದು ಕೇಳಿದರೆ ಅಲ್ಲಿದ್ದ ಹುಡುಗ ಗುಜರಿಯವನು ಒಯ್ದ ಎಂದ. ಬೆಳಿಗ್ಗೆ ಬಿಚ್ಚಿದ್ದನ್ನು ಸಂಜೆಯೊಳಗೆ ಒಯ್ಯುವಷ್ಟು ಚುರುಕಾದ ಗುಜರಿಯವನನ್ನು ನಾನು ಈ ಊರಿನಲ್ಲಿ ಕಂಡಿಲ್ಲ. ಮೂರನೆಯ ಕಡೆ ಬೆಲ್ಟು, ರೋಲರು ಎಂದು 2,400 ಹೋಯಿತು. ಸ್ಕೂಟರ್ ಮಾತ್ರ ಮುಕ್ಕುತ್ತಲೇ ಇತ್ತು.

ಕೊನೆಗೆ ನಮ್ಮ ಘಟಕದ ಟೈಲರ್ ಒಬ್ಬರು ಕೌಲ್ ಬಜಾರಿನ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿಯ ಹತ್ತಿರ ಕಳುಹಿಸಿದರು. ಅವರು ಗಾಡಿ ಚಾಲೂ ಮಾಡಿ ಒಂದು ನಿಮಿಷ ಕಿವಿಗೊಟ್ಟರು. ಪಾನಾ ಕೆಳಗಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡರು. ಪಕ್ಕದ ಮುಚ್ಚಳ ಬಿಚ್ಚಿ ಏರ್ ಫಿಲ್ಟರ್ ಹೊರಗೆಳೆದರು. ಇಟ್ಟಿಗೆಯ ಬಣ್ಣ. ಒಳಗಿನ ಡಬ್ಬಿಯನ್ನು ಬಟ್ಟೆಯಿಂದ ಒರೆಸಿದರೆ ಬಟ್ಟೆಯೂ ಕೆಂಪಾಯಿತು. “ಮೂಗು ಕಟ್ಟಿದೆ ಲೆಕ್ಕದವರೇ, ಮತ್ತೇನೂ ಆಗಿಲ್ಲ” ಎಂದರು. ಫಿಲ್ಟರಿಗೆ 310, ಕೂಲಿ 60. ಗಾಡಿ ಅಂದೇ ಸರಿಹೋಯಿತು.

ಮಾತಿನ ನಡುವೆ ಮೊದಲ ಗ್ಯಾರೇಜಿನ ವಿಷಯ ಹೇಳಿದೆ. ಮೇಸ್ತ್ರಿ ನಕ್ಕುಬಿಟ್ಟರು. ನನ್ನದು 2021ರ ಗಾಡಿ. 2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಈ ಮಾದರಿಯಲ್ಲಿ ಕಾರ್ಬೊರೇಟರೇ ಇಲ್ಲ. ಪೆಟ್ರೋಲನ್ನು ಅಳೆದು ಚಿಮ್ಮಿಸಲು ಇಂಜೆಕ್ಟರ್ ಇದೆ. ಹಾಗಾದರೆ ನನ್ನ ಸ್ಕೂಟರಿನಲ್ಲಿ ಇಲ್ಲದ ಅಂಗವನ್ನು ಬಿಚ್ಚಿ, ತೊಳೆದು, ಮರಳಿ ಜೋಡಿಸಿದ್ದರು. ಇದು ಮೋಸವೋ ಅಜ್ಞಾನವೋ ನನಗೆ ಇಂದಿಗೂ ಬಗೆಹರಿದಿಲ್ಲ. “ಕಾರ್ಬೊರೇಟರ್ ತೊಳೆದದ್ದು” ಎಂದು ಒಂದು ಸಾಲು ಬರೆದುಕೊಟ್ಟಿದ್ದರೆ ಅಂದೇ ಯಾರಿಗಾದರೂ ತೋರಿಸಿ ಕೇಳಬಹುದಿತ್ತು. ಬರೆಯಬೇಕಾಗಿ ಬಂದಿದ್ದರೆ ಅವರೂ ಆ ಮಾತನ್ನು ಇನ್ನೊಮ್ಮೆ ಯೋಚಿಸುತ್ತಿದ್ದರೇನೋ.

ಮೆಕ್ಯಾನಿಕ್‌ಗಳೆಲ್ಲ ಕಳ್ಳರು ಎಂದು ದೂರಲು ಈ ಪತ್ರ ಬರೆಯುತ್ತಿಲ್ಲ. ಆ ಮೇಸ್ತ್ರಿಯ ಕಥೆಯನ್ನೇ ಕೇಳಿ. ಅದಿರಿನ ಕಾಲದಲ್ಲಿ ಅವರ ಕೈಕೆಳಗೆ ಎಂಟು ಜನರಿದ್ದರಂತೆ, ಲಾರಿ ಕೆಲಸ ರಾತ್ರಿ ಹಗಲೆನ್ನದೆ ನಡೆಯುತ್ತಿತ್ತಂತೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಲಾರಿಗಳು ಸಾಲಾಗಿ ನಿಂತವು, ಕೆಲವು ಫೈನಾನ್ಸಿನವರ ಪಾಲಾದವು. ರಿಪೇರಿ ಮಾಡಿಸಿದವರಿಂದ ಬರಬೇಕಾದ ಬಾಕಿ ಬರಲೇ ಇಲ್ಲ. ಲಾರಿಯ ಎಂಜಿನ್ ಇಳಿಸುತ್ತಿದ್ದ ಕೈ ಬೈಕಿನ ಚೈನು ಬಿಗಿಯುವುದಕ್ಕೆ ಬಂತು. ಅದಾಗಿ ಒಂಬತ್ತು ವರ್ಷಕ್ಕೆ ಬಿಎಸ್-6 ಬಂದು ಬೈಕಿನ ವಿದ್ಯೆಯೂ ಹಳೆಯದಾಯಿತು. ಈಗಿನ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತಿದರೆ, ದೋಷ ಎಲ್ಲಿದೆಯೆಂದು ತೋರಿಸುವ ಸ್ಕ್ಯಾನರ್ ಹಚ್ಚಿ ಓದಬೇಕು. ಸ್ಕ್ಯಾನರ್ ಕೊಳ್ಳಲು ಹಣ ಬೇಕು, ಓದಲು ಕಲಿಸುವವರು ಬೇಕು. ಕಂಪನಿಗಳಂತೂ ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ಏನನ್ನೂ ಬಿಟ್ಟುಕೊಡುವುದಿಲ್ಲ. ಬಿಡಿಭಾಗ ಮತ್ತು ದುರಸ್ತಿ ಮಾಹಿತಿ ಹೊರಗಿನವರಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. ಸ್ಕ್ಯಾನರ್ ಇಲ್ಲದವನು ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತಾ ಹೋಗುತ್ತಾನೆ. ಆ ಊಹೆಯ ಖರ್ಚು ನಮ್ಮದು.

ಹಾಗಾದರೆ ಕಂಪನಿಯ ಸರ್ವೀಸ್ ಸೆಂಟರಿಗೇ ಹೋಗಬಾರದೇಕೆ ಎಂದು ತಾವು ಕೇಳಬಹುದು. ನಮ್ಮ ಭಾವನ ಕಾರನ್ನು ಅಂಥ ಒಂದು ಕಡೆ ಬಿಟ್ಟಿದ್ದೆವು. ಅಲ್ಲಿ ಕಾಗದಕ್ಕೆ ಬರವಿಲ್ಲ. ನಾಲ್ಕು ಪುಟದ ಬಿಲ್ಲು ಕೊಟ್ಟರು, ಎಲ್ಲವೂ ಇಂಗ್ಲಿಷಿನಲ್ಲಿ. ಎಂಜಿನ್ ಡ್ರೆಸ್ಸಿಂಗ್ ಎಂದರೆ ಏನು ಎಂದು ಭಾವ ಕೇಳಿದರು. ಹೊರಗಿನಿಂದ ಹೊಳಪು ಬರುವಂತೆ ಸಿಂಪಡಿಸುವುದು ಎಂದು ಉತ್ತರ ಬಂತು. ಬಾನೆಟ್ ಒಳಗಿನ ಹೊಳಪನ್ನು ಯಾರು ನೋಡುತ್ತಾರೆ? ಭಾವ ಜೋಳ, ಮೆಣಸಿನಕಾಯಿ ಬೆಳೆಯುವವರು. ಕೇಳದ ಕೆಲಸಕ್ಕೆ ಕೂಲಿ ಕೊಟ್ಟು ಅವರಿಗೆ ಅಭ್ಯಾಸವಿಲ್ಲ. ಕೆಲಸಕ್ಕೆ ಮೊದಲು ಒಪ್ಪಿಗೆ ಪಡೆದಿದ್ದೀರಾ ಎಂದಾಗ ಆ ಹುಡುಗ ಭಾವನ ಸಹಿಯನ್ನೇ ತೋರಿಸಿದ. ಗಾಡಿ ಬಿಡುವಾಗ ಹಾಕಿಸಿಕೊಂಡ ಸಹಿ ಅದು, ಏನಕ್ಕೆ ಎಂದು ಭಾವನಿಗೆ ಗೊತ್ತಿರಲಿಲ್ಲ. ಬೀದಿಯ ಗ್ಯಾರೇಜಿನಲ್ಲಿ ಚೀಟಿಯೇ ಇಲ್ಲ, ಇಲ್ಲಿ ಇರುವ ಚೀಟಿ ನಮ್ಮ ಭಾಷೆಯಲ್ಲಿಲ್ಲ. ಕೊನೆಗೆ ಎರಡೂ ಒಂದೇ.

ಹೆಣ್ಣುಮಕ್ಕಳ ಪಾಡು ಬೇರೆ. ನನ್ನ ಅಕ್ಕನ ಮಗಳು ಆಸ್ಪತ್ರೆಯಲ್ಲಿ ನರ್ಸ್. ಗಾಡಿ ಕೆಟ್ಟರೆ “ಮಾಮಾ, ನೀನು ಬಂದು ಸುಮ್ಮನೆ ಪಕ್ಕದಲ್ಲಿ ನಿಂತರೆ ಸಾಕು, ರೇಟು ಇಳಿಯುತ್ತದೆ” ಎನ್ನುತ್ತಾಳೆ. ನನಗೆ ಗಾಡಿಯ ಬಗ್ಗೆ ಅವಳಿಗಿಂತ ಕಡಿಮೆ ಗೊತ್ತು. ಒಮ್ಮೆ ಬ್ರೇಕ್ ಶೂ ಹಾಕಿಸಲು ನಾನಿಲ್ಲದೆ ಹೋಗಿದ್ದಳು. ಕಂಪನಿ ಮಾಲಿನ ದುಡ್ಡು ತೆಗೆದುಕೊಂಡು ಲೋಕಲ್ ಮಾಲು ಹಾಕಿದ್ದರು. ಮೂರೇ ತಿಂಗಳಿಗೆ ಸವೆಯಿತು. ಕೇಳಲು ಹೋದರೆ ನಾವು ಹಾಕಿದ್ದೇ ಅಲ್ಲ ಎಂದರು. ಬ್ರೇಕಿನ ವಿಷಯದಲ್ಲಿ ಇಂಥ ಆಟ ನನಗೆ ಹೆದರಿಕೆ ಹುಟ್ಟಿಸುತ್ತದೆ. ರಾತ್ರಿ ಪಾಳಿ ಮುಗಿಸಿ ಅದೇ ಲಾರಿಗಳ ನಡುವೆ ಬರುವವಳು ಅವಳು.

ಇನ್ನು ಕಾನೂನು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಜಾರಿಯಾದದ್ದು 2020ರ ಜುಲೈನಲ್ಲಿ. ಮಾರಿದ ವಸ್ತುವಿಗೆ, ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದನ್ನೂ ಅದು ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಗೆ ಸೇರಿಸಿದೆ. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಎರಡು ವರ್ಷದೊಳಗೆ ದೂರು ಕೊಡಬಹುದು. ಇಷ್ಟೆಲ್ಲ ಓದಿ ಹುರುಪಿನಿಂದ ಸಹಾಯವಾಣಿ 1915ಕ್ಕೆ ಕರೆ ಮಾಡಿದೆ. ಆ ಕಡೆಯವರು ಸೌಜನ್ಯದಿಂದಲೇ ಕೇಳಿದರು: ಬಿಲ್ಲಿದೆಯೇ? ತಪ್ಪು ಅವರದಲ್ಲ. ಬಿಲ್ಲು ಕೊಡದಿರುವುದೇ ನನ್ನ ದೂರಾದರೂ, ಆ ಗ್ಯಾರೇಜಿಗೆ ನಾನು ಹೋಗಿದ್ದೆ, ಅವರು ಇಂಥ ಕೆಲಸ ಮಾಡಿದರು ಎನ್ನಲು ನನ್ನ ಬಳಿ ಏನೂ ಇರಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲಿನ ಜಿಎಸ್‌ಟಿಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿದ ಸುದ್ದಿಯನ್ನೂ ಪತ್ರಿಕೆಯಲ್ಲಿ ಓದಿ ಸಂತೋಷಪಟ್ಟಿದ್ದೆ. ಆ ಇಳಿಕೆ ನನ್ನ ಜೇಬಿಗೆ ಬಂತೋ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಉಳಿಯಿತೋ ಎಂದು ತಿಳಿಯುವ ದಾರಿಯೂ ಬಿಲ್ಲೇ.

ನನ್ನ ಪಾಲಿಗೆ ದೇವರಂತೆ ಬಂದ ಆ ಮೇಸ್ತ್ರಿಯೂ ಚೀಟಿ ಕೊಡಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಕೇಳಿದಾಗ ಅವರ ಮುಖ ಬಿಗಿಯಿತು. “ಬರೆದುಕೊಟ್ಟರೆ ನಾಳೆ ಟ್ಯಾಕ್ಸಿನವರು ಅದನ್ನೇ ಹಿಡಿದು ಬರುತ್ತಾರೆ” ಎಂದರು. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ “ನಗದು ಮಾತ್ರ” ಎಂಬ ರಟ್ಟು ತೂಗಿತು. ಸೇವೆ ನೀಡುವವರ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯೇ ಬೇಕಾಗಿಲ್ಲ ಎಂದು ನಾನು ಹೇಳಿದೆ. ಅವರು ನಂಬಲಿಲ್ಲ. ಜೀನ್ಸ್ ಲೆಕ್ಕದವನ ಮಾತನ್ನು ಯಾಕೆ ನಂಬಬೇಕು? ತಮ್ಮ ಮೊಹರು ಬಿದ್ದ ಒಂದು ಕನ್ನಡ ಕಾಗದವನ್ನಾದರೆ ನಂಬುತ್ತಾರೆ.

ತಮ್ಮನ್ನೇ ಹುಡುಕಿ ಬರೆದದ್ದು ಇದೇ ಕಾರಣಕ್ಕೆ. ಗ್ರಾಹಕ ಸಂರಕ್ಷಣಾ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿಗೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ವರ್ಷಕ್ಕೆ ಎರಡು ಸಭೆಯಾದರೂ ನಡೆಯಬೇಕು. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಗ್ಯಾರೇಜುಗಳನ್ನು ಸೇರಿಸಿ. ದಾಳಿ, ದಂಡ ಇವನ್ನು ನಾನು ಕೇಳುತ್ತಿಲ್ಲ. ದಾಳಿಯಾದರೆ ಮೊದಲು ಸಿಕ್ಕಿಬೀಳುವುದು ಮರದ ಕೆಳಗೆ ಕೂತ ಪಂಕ್ಚರ್ ಅಂಗಡಿಯವನು. ಕಚೇರಿಯಿಂದ ಅಂಗೈಯಗಲದ ಒಂದು ಚೀಟಿಯ ನಮೂನೆ ಹೊರಡಿಸಿ. ಗಾಡಿಯ ನಂಬರ್, ಮೀಟರಿನ ಅಂಕಿ, ಗಿರಾಕಿ ಹೇಳಿದ ತೊಂದರೆ, ಅಂದಾಜು ಖರ್ಚು, ಹಾಕಿದ ಭಾಗ ಕಂಪನಿಯದೋ ಲೋಕಲ್ಲೋ, ಹಳೆಯ ಭಾಗ ಮರಳಿ ಕೊಟ್ಟಿದ್ದಾರೋ ಇಲ್ಲವೋ. ಇಷ್ಟು ಕನ್ನಡದಲ್ಲಿ ಸಾಕು. ಸರ್ವೀಸ್ ಸೆಂಟರಿನವರೂ ತಮ್ಮ ನಾಲ್ಕು ಪುಟದ ಮೇಲೆ ಇದೊಂದನ್ನು ಪಿನ್ ಮಾಡಲಿ. ಚೀಟಿ ಬೇರೆ, ತೆರಿಗೆ ಬೇರೆ ಎಂಬ ಒಂದು ಸಾಲು ಅದರ ಹಿಂದೆ ಅಚ್ಚಾಗಿರಲಿ.

ಇನ್ನೊಂದು ವಿಷಯ ಹಣದ್ದು. ಗಣಿಬಾಧಿತ ಪ್ರದೇಶಗಳಿಗೆಂದು ಇರುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಕೌಶಲ ತರಬೇತಿಗೂ ಬಳಸಬಹುದು. ಐಟಿಐಗಳಲ್ಲಿ ಸಂಜೆ ಹೊತ್ತು ಷೆಡ್ಡುಗಳು ಖಾಲಿ ಇರುತ್ತವೆ. ಅಲ್ಲಿ ಎರಡು ಸ್ಕ್ಯಾನರ್ ಇಟ್ಟು, ಕೆಲಸ ಬಲ್ಲ ಮೇಸ್ತ್ರಿಗಳಿಗೇ ಇಂಜೆಕ್ಟರ್ ಗಾಡಿಗಳ ಬಗ್ಗೆ ಮೂರು ತಿಂಗಳು ಕಲಿಸಿದರೆ ನನ್ನಂಥವರ ಕಾರ್ಬೊರೇಟರ್ ತೊಳೆಯುವುದು ನಿಂತೀತು. ನಮ್ಮ ಫಿಲ್ಟರ್ ಕಟ್ಟಿಸಿದ ಅದಿರಿನ ದುಡ್ಡು ಅದು, ಫಿಲ್ಟರ್ ನೋಡಲು ಕಲಿಸುವುದಕ್ಕೆ ಖರ್ಚಾದರೆ ಯಾರೂ ಆಕ್ಷೇಪಿಸಲಾರರು.

ಚೀಟಿಯ ಒಂದು ಕರಡನ್ನು ನಾನೇ ಗೀಚಿ ಮೊನ್ನೆ ಮೇಸ್ತ್ರಿಗೆ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ನನ್ನ ಪೆನ್ನು ಇಸಿದುಕೊಂಡು ಕೆಳಗೆ ತಾವೇ ಒಂದು ಸಾಲು ಸೇರಿಸಿದರು: “ಗಿರಾಕಿ ಗಾಡಿಯನ್ನು ಯಾವತ್ತು ಒಯ್ಯುತ್ತಾರೆ.” ಅವರ ಅಂಗಡಿಯ ಹಿಂದೆ ರಿಪೇರಿಯಾಗಿ ಆರು ತಿಂಗಳಾದರೂ ಮಾಲೀಕರು ಬಾರದ ನಾಲ್ಕು ಬೈಕುಗಳು ನಿಂತಿವೆ. ಹಾಕಿದ ಸಾಮಾನಿನ ದುಡ್ಡೂ ಅವುಗಳ ಜೊತೆಗೆ ಸಿಕ್ಕಿಕೊಂಡಿದೆ. ನನ್ನ ಚೀಟಿಯಲ್ಲಿ ಗಿರಾಕಿಯ ದೂರಿಗೆ ಜಾಗವಿತ್ತು, ಅವರದಕ್ಕೆ ಇರಲಿಲ್ಲ. ಆ ಸಾಲನ್ನು ಹಾಗೆಯೇ ಉಳಿಸಿ, ಕರಡನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಬಳ್ಳಾರಿಯ ಒಬ್ಬ ಲೆಕ್ಕ ಬರೆಯುವವನು