ನೀರು ಎತ್ತದ ಬೋರಿಗೆ ಎಷ್ಟು ಲೀಟರ್ ಎಂದು ಬರೆಯಲಿ?

ಸಂಪಾದಕರಿಗೆ ನಮಸ್ಕಾರ.

ವಿಜಯಪುರ ಜಿಲ್ಲೆಯ ಇಂಡಿ ಕಡೆಯಿಂದ ಬಂದು ಪುಣೆಯ ಕಾತ್ರಜ್‌ನಲ್ಲಿ ಬೋರ್‌ವೆಲ್ ಗುತ್ತಿಗೆ ಮಾಡಿಕೊಂಡಿರುವವನು ನಾನು. ನೀರು ಬೀಳದಿದ್ದರೂ ಚಿಂತೆಯಿಲ್ಲ ಎನ್ನುವ ಗಿರಾಕಿ ಈ ವರ್ಷವೇ ಮೊದಲ ಸಲ ಸಿಕ್ಕಿದ್ದು. ಕೆಲಕಾಲ ಜರ್ಮನಿಯಲ್ಲಿದ್ದು ಬಂದು ಪಾಷಾಣ್‌ನಲ್ಲಿ ಮನೆ ಕಟ್ಟಿಸುತ್ತಿರುವ ದಂಪತಿ. ನೆಲದೊಳಗೆ ಪೈಪ್ ಇಳಿಸಿ ಹೀಟ್ ಪಂಪ್, ಅಂದರೆ ಮನೆಗೂ ನೆಲಕ್ಕೂ ನಡುವೆ ಶಾಖ ಸಾಗಿಸುವ ಯಂತ್ರ, ಹಾಕಿಸಬೇಕಂತೆ. ಪುಣೆಗೆ ಹೀಟರ್ ಯಾಕ್ರೀ ಎಂದು ನಕ್ಕೆ. ಅವರಿಗೆ ಮುಖ್ಯವಾಗಿ ಬೇಕಿರುವುದು ಏಪ್ರಿಲ್-ಮೇ ತಿಂಗಳ ತಂಪು. ಸ್ನಾನದ ಬಿಸಿನೀರು, ಡಿಸೆಂಬರ್ ಬೆಳಗಿನ ಬೆಚ್ಚಗೆ ಅದರ ಜೊತೆಗೆ. ಹೊರಗೆ 40 ಡಿಗ್ರಿ ಸುಡುವಾಗಲೂ ಕೆಳಗಿನ ಕಲ್ಲು 30ರ ಒಳಗೇ ಇರುತ್ತದೆ. ಮನೆಯ ಶಾಖವನ್ನು ಆ ಕಲ್ಲಿಗೆ ಬಿಟ್ಟರೆ ಕರೆಂಟು ಉಳಿಯುತ್ತದೆ. ಬೋರಿನಲ್ಲಿ ‘ಯು’ ಆಕಾರದ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್, ಅದರೊಳಗೆ ಅದದೇ ನೀರು ಸುತ್ತುತ್ತಿರುತ್ತದೆ. ಭೂಮಿಯಿಂದ ಹನಿಯೂ ಮೇಲೆ ಬರುವುದಿಲ್ಲ.

ಅನುಮತಿ ಕೇಳಲು ಹೋದೆವು. ಯಾವ ಕಚೇರಿ ಎಂದು ಬೇಡ. ದಿನಕ್ಕೆ ಎಷ್ಟು ಲೀಟರ್ ಎತ್ತುತ್ತೀರಿ ಎಂಬ ಕಡೆ ಸೊನ್ನೆ ಬರೆದೆ. ‘ಶೂನ್ಯ ಚಾಲಣಾರ್ ನಾಹೀ, ಕಾಕಾ’ ಎಂದಳು ಮೇಜಿನ ಆಚೆಗಿದ್ದ ಹುಡುಗಿ. ಸೊನ್ನೆ ನಡೆಯುವುದಿಲ್ಲ, ಏನಾದರೊಂದು ಅಂಕಿ ಹಾಕಿ ಎಂದು. ಹಾಕಿದರೆ ನಾಳೆ ಮೀಟರ್ ತೋರಿಸಿ ಎನ್ನುವುದಿಲ್ಲವೇ? ಅವಳದೇನೂ ತಪ್ಪಿಲ್ಲ, ನಮೂನೆ ಇರುವುದೇ ಹಾಗೆ.

ಪರಿಸರ ಅನುಮತಿ ಬೇಕೆನ್ನುವ ಕೇಂದ್ರದ 2006ರ ಅಧಿಸೂಚನೆ ಹಿಡಿಯುವುದು 20,000 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ಕಟ್ಟಡಗಳನ್ನು. ಒಂದು ಮನೆ ಅದರ ಲೆಕ್ಕಕ್ಕೇ ಬರುವುದಿಲ್ಲ. ಮಹಾರಾಷ್ಟ್ರದ 2009ರ ಅಂತರ್ಜಲ ಕಾಯ್ದೆ 60 ಮೀಟರ್ ಮುಟ್ಟಿದ್ದನ್ನು ಆಳಬಾವಿ ಎನ್ನುತ್ತದೆ. ಪೈಪ್ ಇಳಿಸುವ ಬೋರು ಸಾಮಾನ್ಯವಾಗಿ ಅದನ್ನು ದಾಟುತ್ತದೆ. ಆದರೆ ಕಾಯ್ದೆಯ ಕಣ್ಣಿರುವುದು ಎತ್ತುವ ನೀರಿನ ಮೇಲೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಕೇಂದ್ರದ ಭೂಶಾಖ ನೀತಿಯಲ್ಲಿ ಈ ನೆಲದ ಹೀಟ್ ಪಂಪಿಗೂ ಜಾಗವಿದೆ. ದಿಲ್ಲಿಯ ಆ ನೀತಿ ಇಲ್ಲಿನ ನಮೂನೆಗೆ ಇಳಿದಿಲ್ಲ.

ಹಾಗಂತ ಅನುಮತಿಯೇ ಬೇಡ ಎನ್ನುವವನು ನಾನಲ್ಲ. ಕೇಳಬೇಕಾದ್ದು ಬೇರೆಯೇ ಇದೆ. ಇಲ್ಲಿ ಕೊರೆಯುವಾಗ ಮೊದಲು ಬೂದು ಪುಡಿ ಹಾರುತ್ತದೆ, ಅದು ಕರಿಕಲ್ಲು. ಒಮ್ಮೆಲೇ ಇಟ್ಟಿಗೆ ಬಣ್ಣದ ಕೆಸರು ಉಗುಳತೊಡಗಿದರೆ ಎರಡು ಲಾವಾ ಪದರಗಳ ನಡುವಿನ ಕೆಂಪು ಮಣ್ಣು ಸಿಕ್ಕಿತೆಂದು ಅರ್ಥ. ರಿಗ್ ಹುಡುಗರು ಆಗ ಹುಷಾರಾಗುತ್ತಾರೆ, ಬೋರಿನ ಗೋಡೆ ಕುಸಿದು ಕಲ್ಲು ಕೊರೆಯುವ ಹ್ಯಾಮರ್ ಸಿಕ್ಕಿಬೀಳುವ ಜಾಗ ಅದು. ಬೋರು ಇಂಥ ಪದರಗಳನ್ನೆಲ್ಲ ತೂತು ಮಾಡಿ ಒಂದಕ್ಕೊಂದು ದಾರಿ ಕೊಡುತ್ತದೆ. ನಾವು ಕೇಸಿಂಗ್, ಅಂದರೆ ಗೋಡೆ ತಡೆಯುವ ಹೊರಕೊಳವೆ, ಹಾಕುವುದು ಗಟ್ಟಿ ಕಲ್ಲು ಸಿಗುವವರೆಗೆ ಮಾತ್ರ. ಕೇಸಿಂಗ್ ಸರಿಯಾಗಿ ಕೂರದಿದ್ದರೆ ಪಕ್ಕದ ಗಟಾರದ ನೀರು ನೇರ ಕೆಳಗೆ. ಅಂಥ ಬೋರಿನ ವಾಸನೆ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತದೆ. ಹೀಟ್ ಪಂಪಿನ ಬೋರಿಗೆ ಪೈಪಿನ ಸುತ್ತ ತಳದಿಂದ ಮೇಲಿನವರೆಗೆ ಬೆಂಟೊನೈಟ್ ಎಂಬ ಜೇಡಿಮಣ್ಣು ಮತ್ತು ಸಿಮೆಂಟ್ ಕಲಸಿದ ಗಂಜಿ ತುಂಬಬೇಕು, ಪದರಗಳ ನಡುವಿನ ದಾರಿ ಮುಚ್ಚಲು. ಖರ್ಚು ಉಳಿಸಲು ಮೇಲಿಂದ ಜಲ್ಲಿ ಸುರಿದು ಕೈತೊಳೆದುಕೊಳ್ಳುವವರು ನಮ್ಮ ಧಂದೆಯಲ್ಲಿ ಬೇಕಾದಷ್ಟಿದ್ದಾರೆ. ನಮೂನೆಯಲ್ಲಿ ಈ ಗಂಜಿಯ ಬಗ್ಗೆ ಒಂದು ಸಾಲೂ ಇಲ್ಲ.

ಜರ್ಮನಿಯ ಸ್ಟೌಫೆನ್ ಎಂಬ ಊರಲ್ಲಿ 2007ರಲ್ಲಿ ಪುರಭವನ ಬೆಚ್ಚಗಿಡಲು 140 ಮೀಟರ್ ಕೊರೆದರು. ಕೆಳಗಿನ ನೀರು ಮೇಲಿನ ಅನ್‌ಹೈಡ್ರೈಟ್ ಎಂಬ ಖನಿಜದ ಪದರಕ್ಕೆ ಸೇರಿ ಅದು ಜಿಪ್ಸಮ್ ಆಗಿ ಊದಿಕೊಂಡಿತು, ನೆಲ ಎದ್ದಿತು, 200ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. ನಮ್ಮ ಕರಿಕಲ್ಲಿಗೆ ಆ ರೋಗವಿಲ್ಲ, ಆದರೆ ಪದರಗಳ ನೀರು ಬೆರೆಯುವ ಅಪಾಯ ಇಲ್ಲಿಯೂ ಇದ್ದೇ ಇದೆ.

ರಾಜ್ಯದ ಅಂತರ್ಜಲ ಸಮೀಕ್ಷಾ ಸಂಸ್ಥೆಯ ಕೇಂದ್ರ ಕಚೇರಿ ಪುಣೆಯಲ್ಲೇ ಇದೆ. ನೀರೆತ್ತದ ಬೋರಿಗೆ ಬೇರೆ ನಮೂನೆ ಮಾಡಲಿ. ಎಷ್ಟು ಅಡಿಗೆ ಯಾವ ಕಲ್ಲು ಬಂತು, ಗಂಜಿ ಎಷ್ಟು ಚೀಲ ಹಿಡಿಯಿತು, ಪೈಪಿನ ನೀರಿಗೆ ಏನು ಬೆರೆಸಿದ್ದಾರೆ ಎಂದು ಕೊರೆದವನಿಂದಲೇ ಬರೆಸಿ ಸಹಿ ಹಾಕಿಸಿಕೊಳ್ಳಲಿ. ಕರ್ನಾಟಕದಲ್ಲೂ ಈ ಯಂತ್ರ ಬರುವುದು ದೂರವಿಲ್ಲ, ಅಲ್ಲಿನ ಅಧಿಕಾರಿಗಳೂ ಈಗಲೇ ಗಮನ ಕೊಡುವುದು ಲೇಸು. ನನ್ನ ಗಿರಾಕಿಯ ಅರ್ಜಿ ಆ ಸೊನ್ನೆಯ ದೆಸೆಯಿಂದ ಮೇಜಿನ ಮೇಲೇ ಕೂತಿದೆ, ಮಳೆ ಹಿಡಿದರೆ ರಿಗ್ ಲಾರಿ ಆ ಓಣಿಗೆ ಇಳಿಯುವುದಿಲ್ಲ.

ನಿಮ್ಮ ಓದುಗ,
ಬೋರ್‌ವೆಲ್ ಗುತ್ತಿಗೆದಾರ, ಕಾತ್ರಜ್, ಪುಣೆ