ಕಿಟ್ಟಿನಿಂದ ಫೋಮ್ ತೆಗೆದಿದ್ದೇವೆ, ಯಾಕೆಂದು ಕೇಳಿ

ಆತ್ಮೀಯ ಗ್ರಾಹಕರೇ,

ಈ ಸಲದ ತಯಾರಿಯಿಂದ ನಮ್ಮ 66 ಮಿ.ಮೀ. ಮಾದರಿ ರಾಕೆಟ್ ಕಿಟ್ಟಿನ ಡಬ್ಬಿಯಲ್ಲಿ ಫೋಮಿನ ಎರಡು ಬಾಟಲಿ ಇರುವುದಿಲ್ಲ. ಎರಡನ್ನೂ ಕಲಸಿ ಟ್ಯೂಬಿನೊಳಗೆ ಸುರಿದರೆ ಉಬ್ಬಿ ಗಟ್ಟಿಯಾಗಿ, ಬಾಲದ ರೆಕ್ಕೆಗಳಾದ ಫಿನ್ನುಗಳನ್ನು ಅಲ್ಲಾಡದಂತೆ ಒತ್ತಿ ಹಿಡಿಯುತ್ತಿದ್ದ ಫೋಮು ಅದು. ಆ ಬಾಟಲಿಗಳ ಬದಲು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟಿನ ಪೇಸ್ಟು ಇರುತ್ತದೆ. ಜೊತೆಗೆ, ಫಿನ್ನಿನ ಟ್ಯಾಬು (ಟ್ಯೂಬಿನೊಳಗೆ ಹೋಗುವ ಬುಡದ ಚಾಚು) ಬಿಗಿಯಾಗಿ ಕೂರುವಂತೆ ಲೇಸರ್‌ನಲ್ಲಿ ಕಚ್ಚು ಕೊಯ್ದ ಎರಡು ಪ್ಲೈವುಡ್ ರಿಂಗುಗಳಿರುತ್ತವೆ. 1,480 ರೂಪಾಯಿ ಇದ್ದ ಬೆಲೆ 1,600 ಆಗಿದೆ.

ಇಷ್ಟನ್ನು ಹೋದ ತಿಂಗಳು ವಾಟ್ಸಾಪ್ ಗುಂಪಿನಲ್ಲಿ ಎರಡೇ ಸಾಲಿನಲ್ಲಿ ಬರೆದಿದ್ದೆ. ಅದು ತಪ್ಪಾಯಿತು. ಅವತ್ತಿನಿಂದ ಫೋನೆತ್ತಿದರೆ ಒಂದೇ ಮಾತು. ಕಾಲೇಜು ಹುಡುಗರು, ಮೇಷ್ಟ್ರುಗಳು, ಮಗನಿಗೆ ಹುಟ್ಟುಹಬ್ಬಕ್ಕೆಂದು ಕಿಟ್ ತರಿಸಿಕೊಂಡ ತಂದೆಯರು, ಎಲ್ಲರೂ ಕೇಳಿದ್ದು ಇದನ್ನೇ: "ದುಡ್ಡು ಉಳಿಸೋಕೆ ಫೋಮ್ ತೆಗೆದ್ರಿ, ಅದರ ಮೇಲೆ ಬೆಲೆನೂ ಏರಿಸಿದ್ರಿ, ಅಲ್ವಾಮ್ಮಾ?"

ಹೊಸಬರು ಕೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲ. ನಮ್ಮ ಮೊದಲನೇ ಕಿಟ್ಟಿನಿಂದ ಜೊತೆಗಿರುವವರೇ ಕೇಳಿದಿರಿ. ಹಾಗಾಗಿ ಲೆಕ್ಕವನ್ನು ನಿಮ್ಮ ಮುಂದೆಯೇ ಇಡುತ್ತೇನೆ.

ಎರಡು ಬಾಟಲಿ ಫೋಮ್, ಎರಡು ಸಿರಿಂಜು, ಕೈಗವಸು, ಅಳತೆ ಕಪ್ಪು, ಇಷ್ಟಕ್ಕೂ ಕಿಟ್ ಒಂದಕ್ಕೆ ನಮಗೆ ಬೀಳುತ್ತಿದ್ದದ್ದು 95 ರೂಪಾಯಿ. ಈಗ ಎಪಾಕ್ಸಿಗೆ ತೆರಿಗೆ ಸೇರಿ 130. ಹೊಸ ರಿಂಗುಗಳ ಪ್ಲೈವುಡ್ಡು ಮತ್ತು ಲೇಸರ್ ಕೂಲಿ 85. ಒಟ್ಟು 215. ಅದರಲ್ಲಿ 95 ಕಳೆಯಿರಿ, 120 ಉಳಿಯುತ್ತದೆ. ನಾವು ಏರಿಸಿದ್ದು ಅದೇ 120. ಅದರ ಮೇಲೆ ಒಂದು ರೂಪಾಯಿಯನ್ನೂ ಇಟ್ಟಿಲ್ಲ. ದುಡ್ಡು ಉಳಿಸುವುದೇ ನಮ್ಮ ಆಸೆಯಾಗಿದ್ದರೆ ಫೋಮನ್ನೇ ಮುಂದುವರಿಸುತ್ತಿದ್ದೆವು, ಅಗ್ಗದ ಸಾಮಾನು ಅದೇ.

ಆ 95 ರೂಪಾಯಿಯ ಲೆಕ್ಕಕ್ಕೆ ಸೇರದ ಖರ್ಚು ಬೇರೆಯೇ ಇತ್ತು. ಅದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಪೀಣ್ಯದಲ್ಲಿ ಫೋಮನ್ನು ಚಿಕ್ಕ ಬಾಟಲಿಯಲ್ಲಿ ಕೊಡುವುದಿಲ್ಲ, ದೊಡ್ಡ ಕ್ಯಾನಿನ ಜೋಡಿಯನ್ನೇ ಕೊಳ್ಳಬೇಕು. ತಂದು, ಇಲ್ಲಿ ಶೆಡ್ಡಿನಲ್ಲಿ ಬಾಟಲಿಗೆ ತುಂಬುವವಳು ನಾನೇ. ಕಂದು ಬಣ್ಣದ ದ್ರವವಿದೆಯಲ್ಲ, ಐಸೊಸಯನೇಟು, ಅದಕ್ಕೆ ನೀರಿನ ಪಸೆ ಆಗಿ ಬರುವುದಿಲ್ಲ. ಗಾಳಿಯಲ್ಲಿರುವ ತೇವವೇ ಸಾಕು. ಒಮ್ಮೆ ಕ್ಯಾನ್ ತೆರೆದರೆ ಮುಚ್ಚಳದ ಸುತ್ತ ಸಕ್ಕರೆ ಪಾಕ ಹರಳುಗಟ್ಟಿದ ಹಾಗೆ ಕಟ್ಟಲು ಶುರು. ತೇವ ಒಳಗೆ ಹೋಗಿ ಮುಚ್ಚಳ ಬಿಗಿದರೆ ಒಳಗೇ ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಬಾಟಲಿ ಉಬ್ಬುತ್ತದೆ. ಮಳೆಗಾಲದಲ್ಲಿ ಅರ್ಧ ಕ್ಯಾನು ಹಾಗೇ ಕಟ್ಟಿಹೋಗಿ ಎಸೆದದ್ದುಂಟು. ಆ ನಷ್ಟವನ್ನು ನಿಮ್ಮ ಬಿಲ್ಲಿಗೆ ಎಂದೂ ಸೇರಿಸಲಿಲ್ಲ.

ಇನ್ನು ಕೊರಿಯರ್. "ಆರ್ಡರ್ ಮಾಡಿ ಹನ್ನೆರಡು ದಿನ ಆಯ್ತು, ಏನ್ ಮಾಡ್ತಿದ್ದೀರಿ" ಎಂದು ಬೀದರಿನಿಂದ, ಬೆಳಗಾವಿಯಿಂದ ಬೈಸಿಕೊಂಡಿದ್ದೇನೆ. ಪಾರ್ಸಲ್ಲಿನಲ್ಲಿ ದ್ರವ ಇದೆ ಅಂದ ಕೂಡಲೇ ಕೌಂಟರಿನಲ್ಲಿ ತಲೆ ಅಲ್ಲಾಡಿಸುತ್ತಾರೆ. ಒಬ್ಬರು ತಗೊಳ್ಳುವುದೇ ಇಲ್ಲ, ಇನ್ನೊಬ್ಬರು ರಸ್ತೆಯಲ್ಲಿ ಮಾತ್ರ ಕಳಿಸುತ್ತೇವೆ ಅನ್ನುತ್ತಾರೆ. ಹಾಗೆ ಹೋದದ್ದರಲ್ಲಿ ಕೆಲವು ಬಾಟಲಿ ಸೋರಿ, ರಾಕೆಟ್ಟಿನ ಮೂತಿಯಾದ ನೋಸ್ ಕೋನಿಗೂ ಪ್ಯಾರಾಚೂಟಿಗೂ ಮೆತ್ತಿಕೊಂಡು ವಾಪಸ್ ಬಂದವು. ಪೂರ್ತಿ ಕಿಟ್ ಮತ್ತೆ ಕಳಿಸಿದೆವು, ಎರಡೂ ಕಡೆಯ ಕೊರಿಯರ್ ದುಡ್ಡು ನಮ್ಮದೇ. ಹೊಸ ಎಪಾಕ್ಸಿ ಸೀಲ್ ಮಾಡಿದ ಟ್ಯೂಬಿನಲ್ಲಿ ಬರುವ ದಪ್ಪ ಪೇಸ್ಟು. ಅದನ್ನು ಯಾರೂ ಬೇಡ ಅನ್ನುತ್ತಿಲ್ಲ.

ಆದರೂ ಫೋಮ್ ಬಿಟ್ಟದ್ದು ಕೊರಿಯರಿಗಾಗಿ ಅಲ್ಲ, ಕ್ಯಾನ್ ಕೆಟ್ಟದ್ದಕ್ಕೂ ಅಲ್ಲ. ಅಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಂಡು ಹೋಗುತ್ತಿದ್ದೆವು.

ಬೇಸಗೆಯಲ್ಲಿ ಒಬ್ಬ ಹುಡುಗ ಒಂದು ಫೋಟೋ ಕಳಿಸಿದ. ಮೂರು ವಾರ ಕೂತು ಮಾಡಿದ ರಾಕೆಟ್. ಮರಳು ಕಾಗದ ಹಾಕಿ, ಪ್ರೈಮರ್ ಹೊಡೆದು, ನೀಲಿ ಬಣ್ಣ ಬಳಿದು ಸಿದ್ಧ ಮಾಡಿದ್ದ. ಕೊನೆಗೆ ಫೋಮ್ ಸುರಿದಿದ್ದಾನೆ. ಬಾಡಿ ಟ್ಯೂಬು ಕಾಗದ ಸುತ್ತಿದ ಜಾಡಿನಲ್ಲೇ ಓರೆಯಾಗಿ ಸೀಳಿ, ಸೀಳಿನೊಳಗಿಂದ ಹಳದಿ ಫೋಮು ಬನ್ನಿನ ಹಾಗೆ ಹೊರಗೆ ಬಂದಿತ್ತು. ಮೂರು ಫಿನ್ನುಗಳಲ್ಲಿ ಒಂದು ಸೊಟ್ಟಗಾಗಿತ್ತು. ಫೋಟೋದ ಕೆಳಗೆ ಅವನು ಬರೆದದ್ದು ಇಷ್ಟೇ: "ನಾನೇನು ತಪ್ಪು ಮಾಡಿದೆ, ಅಕ್ಕ?"

ಅವನದೇನೂ ತಪ್ಪಿಲ್ಲ. ಆ ಫೋಟೋ ನೋಡಿ ನಾನೂ ನಮ್ಮ ಮನೆಯವರೂ ಕೂತು ಲೆಕ್ಕ ಹಾಕಿದೆವು. ಈ ಲೆಕ್ಕವನ್ನು ಕಿಟ್ ಮಾಡುವ ಮೊದಲೇ ಹಾಕಬೇಕಿತ್ತು. ಬಾಡಿ ಟ್ಯೂಬಿನ ಒಳವ್ಯಾಸ 64 ಮಿ.ಮೀ., ಅದರೊಳಗೆ ಮೋಟಾರ್ ಕೂರುವ ಸಣ್ಣ ಟ್ಯೂಬಿನ, ಅಂದರೆ ಮೋಟಾರ್ ಟ್ಯೂಬಿನ, ಹೊರವ್ಯಾಸ 31, ಎರಡು ರಿಂಗುಗಳ ನಡುವೆ 150 ಮಿ.ಮೀ. ಉದ್ದ. ಒಳಗಿನ ಜಾಗ ಸುಮಾರು 370 ಮಿ.ಲೀ. ನಾವು ಕೊಡುತ್ತಿದ್ದ ಹಗುರ ಫೋಮು ಸುರಿದದ್ದರ 30 ಪಟ್ಟಿನವರೆಗೆ ಉಬ್ಬುತ್ತದೆ. ಅಂದರೆ ಬೇಕಾದದ್ದು ಬರೀ 12 ಮಿ.ಲೀ. ಫಿನ್ನಿನ ಟ್ಯಾಬು ಗೋಡೆ ದಾಟಿ ಮೋಟಾರ್ ಟ್ಯೂಬಿನವರೆಗೂ ಹೋಗುವುದರಿಂದ ಆ ಜಾಗ ಮೂರು ಕೋಣೆಗಳಾಗುತ್ತದೆ. ಕೋಣೆಗೆ 4 ಮಿ.ಲೀ., ಒಂದೊಂದು ಬಾಟಲಿಯಿಂದ 2 ಮಿ.ಲೀ.ನಂತೆ. ಎರಡು ಚಮಚವೂ ಅಲ್ಲ, ಒಂದು ಟೀ ಚಮಚಕ್ಕೂ ಕಡಿಮೆ!

ಅಷ್ಟನ್ನು ಅಳೆದು, ಕಲಸಿ, ಸುರಿಯಲು ಇರುವ ಸಮಯ ಒಂದು ನಿಮಿಷಕ್ಕಿಂತ ಕಡಿಮೆ. ತಂಪು ಹೊತ್ತಿನಲ್ಲಿ ಅದು ಸಾಕು. ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆಯೊಳಗೆ ಸಾಲದು, ಕಪ್ಪಿನಲ್ಲೇ ಉಕ್ಕಿಬಿಡುತ್ತದೆ. ಬೇಸಗೆಯಲ್ಲಿ ದೋಸೆ ಹಿಟ್ಟು ರಾತ್ರಿಯಿಡೀ ಉಬ್ಬಿ ಮುಚ್ಚಳ ಎತ್ತುವುದನ್ನು ಎಲ್ಲರೂ ನೋಡಿದ್ದೀರಿ. ಇಲ್ಲಿ ಅದೇ ಕೆಲಸ ಒಂದೆರಡು ನಿಮಿಷದಲ್ಲಿ ನಡೆಯುತ್ತದೆ, ಮುಚ್ಚಳದ ಜಾಗದಲ್ಲಿರುವುದು ಅಂಟು ಹಾಕಿ ಬಿಗಿದ ರಿಂಗು. ಹಿಂದಿನ ರಿಂಗಿಗೆ ಗಾಳಿ ಹೋಗಲು ತೂತು ಬೇಕು, ಒಂದೇ ಸಲ ಸುರಿಯದೆ ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು ಎಂದು ಸೂಚನೆ ಹಾಳೆಯಲ್ಲಿ ಬರೆದಿದ್ದೆವು, ನಿಜ. ಆದರೆ ಡಬ್ಬಿಯಲ್ಲಿ ಕೊಟ್ಟದ್ದು ಎರಡೂ ಸೇರಿ 50 ಮಿ.ಲೀ. ಕೈತಪ್ಪಿದರೆ ಇರಲಿ ಎಂದು ಧಾರಾಳವಾಗಿ ಕೊಟ್ಟೆವು. ಕೊಟ್ಟದ್ದೆಲ್ಲ ಸುರಿಯಲಿಕ್ಕೇ ಇರುವುದು ಎಂದು ಹದಿನಾರು ವರ್ಷದ ಹುಡುಗ ತಿಳಿದರೆ ಅದು ನಮ್ಮ ತಪ್ಪು. ಟ್ಯೂಬು ಸೀಳಿಸಿಕೊಂಡ ಪ್ರತಿಯೊಬ್ಬರ ಕ್ಷಮೆ ಕೇಳುತ್ತೇನೆ.

ಕ್ಷಮೆ ಕೇಳಬೇಕಾದ ಇನ್ನೊಂದು ವಿಷಯ ಇದಕ್ಕಿಂತ ದೊಡ್ಡದು. ಐಸೊಸಯನೇಟು ಚರ್ಮಕ್ಕೂ ಉಸಿರಿಗೂ ಒಳ್ಳೆಯದಲ್ಲ. ಕೆಲವರ ಮೈಗೆ ಅದು ಒಮ್ಮೆ ಒಗ್ಗದೆ ಹೋದರೆ, ಆಮೇಲೆ ಚೂರು ತಗುಲಿದರೂ ದಮ್ಮು ಬರಬಹುದು. ಕೈಗವಸು ಕೊಟ್ಟು, ಕಿಟಕಿ ತೆಗೆದಿಡಿ ಎಂದು ಒಂದು ಸಾಲು ಬರೆದರೆ ಸಾಕು ಅಂದುಕೊಂಡಿದ್ದೆವು. ಕಾಲೇಜಿನ ವರ್ಕ್‌ಶಾಪಿನಲ್ಲಿ ಅಷ್ಟು ಸಾಕೇನೋ. ಈಗ ನಮ್ಮ ಕಿಟ್ಟುಗಳು ಹೈಸ್ಕೂಲಿಗೂ ಹೋಗುತ್ತಿವೆ, ಮಲಗುವ ಕೋಣೆಯ ಮೇಜಿನ ಮೇಲೂ ತೆರೆದುಕೊಳ್ಳುತ್ತಿವೆ. ಆ ಬಾಟಲಿಯನ್ನು ಪ್ಯಾಕ್ ಮಾಡಲು ನನಗೆ ಇನ್ನು ಕೈ ಬರುವುದಿಲ್ಲ.

ಹಾಗಂತ ಫೋಮ್ ಕೆಟ್ಟದ್ದು ಎಂದು ಯಾರೂ ತಿಳಿಯಬೇಡಿ. ಅದನ್ನು ನಿಮಗೆ ಪರಿಚಯಿಸಿದವರು ನಾವೇ, ಅದರ ಹೆಮ್ಮೆ ಇವತ್ತಿಗೂ ಇದೆ. ಶಿರಾ ಕಡೆ ಒಣಗಿದ ಕೆರೆಯ ಅಂಗಳದಲ್ಲಿ ಹಾರಿಸಿದ ರಾಕೆಟ್ ಒಂದರ ಪ್ಯಾರಾಚೂಟು ಬಿಚ್ಚಿಕೊಳ್ಳಲೇ ಇಲ್ಲ. ಕಲ್ಲಿನ ಮೇಲೆ ಬಿದ್ದು ನೋಸ್ ಕೋನು ಪುಡಿಯಾಯಿತು, ಮುಂಭಾಗ ಮಡಚಿಕೊಂಡಿತು. ಮೂರೂ ಫಿನ್ನು ಮಾತ್ರ ನೆಟ್ಟಗೆ ನಿಂತಿದ್ದವು. ಅದನ್ನು ಇನ್ನೂ ಶೆಡ್ಡಿನ ಗೋಡೆಗೆ ತೂಗುಹಾಕಿದ್ದೇವೆ, ಬಂದವರೆಲ್ಲ ನೋಡಿದ್ದೀರಿ.

ಮೊನ್ನೆ ಅದೇ ತಳಿಯ ಇನ್ನೊಂದನ್ನು, ಗ್ರಾಹಕರೊಬ್ಬರು ಫಿನ್ ಅಲ್ಲಾಡುತ್ತಿದೆ ಎಂದು ವಾಪಸ್ ಕೊಟ್ಟದ್ದನ್ನು, ನಮ್ಮ ಮನೆಯವರು ಹ್ಯಾಕ್ಸಾ ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಎರಡು ಕೋಣೆ ಚೆನ್ನಾಗಿ ತುಂಬಿದ್ದವು. ಮೂರನೆಯದರಲ್ಲಿ ಗಾಳಿ ಸಿಕ್ಕಿಕೊಂಡು, ಟ್ಯಾಬಿನ ಬುಡದಲ್ಲೇ ನೆಲ್ಲಿಕಾಯಿಯಷ್ಟು ಟೊಳ್ಳು. ಇನ್ನೂ ಒಂದು ಕಂಡಿತು. ಟ್ಯಾಬು ಮೋಟಾರ್ ಟ್ಯೂಬಿಗೆ ಸೇರುವ ಕಡೆ ಎಪಾಕ್ಸಿಯ ಫಿಲೆಟ್ಟೇ, ಅಂದರೆ ಸಂದಿನುದ್ದಕ್ಕೂ ಎಳೆಯುವ ಅಂಟಿನ ಪಟ್ಟಿಯೇ, ಇರಲಿಲ್ಲ, ಒಂದು ಚುಕ್ಕೆ ಇನ್‌ಸ್ಟಂಟ್ ಗಮ್ ಮಾತ್ರ. ಹೇಗಿದ್ದರೂ ಫೋಮ್ ಹಿಡಿದುಕೊಳ್ಳುತ್ತದೆ ಎಂದು ಆ ಕೆಲಸವನ್ನೇ ಬಿಟ್ಟಿದ್ದರು. ಫೋಮು ಅಂಟಲ್ಲ, ಒತ್ತು. ಟ್ಯಾಬು ಅಕ್ಕಪಕ್ಕಕ್ಕೆ ವಾಲದಂತೆ ತಡೆಯುತ್ತದೆ, ಟ್ಯೂಬಿನ ಗೋಡೆ ನೆಗ್ಗದಂತೆ ಒಳಗಿನಿಂದ ಒತ್ತಿ ಹಿಡಿಯುತ್ತದೆ. ಫಿನ್ನಿನ ಭಾರ ಹೊರುವುದು ಬುಡದ ಫಿಲೆಟ್ಟು. ಫೋಮ್ ಇದ್ದಷ್ಟು ದಿನ ಫಿಲೆಟ್ ಮರೆತುಹೋಗುತ್ತದೆ, ಒಳಗಿನ ತಪ್ಪು ಹೊರಗೆ ಕಾಣುವುದಿಲ್ಲ, ಕಂಡಾಗಲೂ ಬಿಚ್ಚಿ ಸರಿಮಾಡಲಾಗುವುದಿಲ್ಲ. ಫೋಮ್ ತುಂಬಿದ ಮೇಲೆ ಒಂದು ಫಿನ್ ಮುರಿದರೆ ಹಿಂಭಾಗವನ್ನೇ ಕೊಯ್ದು ಎಸೆಯಬೇಕು.

ಹೊಸ ಕಿಟ್ಟಿನಲ್ಲಿ ಹಾಗಲ್ಲ. ಬಾಡಿ ಟ್ಯೂಬಿನಲ್ಲಿ ಫಿನ್ ಕೂರಲು ಕೊಯ್ದ ಸೀಳುಗಳನ್ನು ಹಿಂದಿನ ತುದಿಯವರೆಗೂ ಬಿಟ್ಟಿದ್ದೇವೆ. ಮೋಟಾರ್ ಟ್ಯೂಬಿಗೆ ರಿಂಗುಗಳನ್ನೂ ಮೂರೂ ಫಿನ್ನುಗಳನ್ನೂ ಹೊರಗಡೆಯೇ ಕೂರಿಸಿ, ಕಣ್ಣಿಗೆ ಕಾಣುವಂತೆ ಫಿಲೆಟ್ ಎಳೆದು, ಒಣಗಿದ ಮೇಲೆ ಇಡೀ ಜೋಡಣೆಯನ್ನು ಹಿಂದಿನಿಂದ ಒಳಗೆ ಸರಿಸಿ. ಟ್ಯೂಬಿನ ನುಣುಪು ಪದರವನ್ನು ಮೊದಲು ಮರಳು ಕಾಗದದಿಂದ ಉಜ್ಜಿ ತೆಗೆಯಿರಿ, ಇಲ್ಲದಿದ್ದರೆ ಎಪಾಕ್ಸಿ ಆ ಪದರಕ್ಕೆ ಹಿಡಿಯುತ್ತದೆಯೇ ಹೊರತು ಟ್ಯೂಬಿಗಲ್ಲ. ಐಸ್‌ಕ್ರೀಂ ಕಡ್ಡಿಯ ದುಂಡನೆ ತುದಿಯಿಂದ ಎಳೆದರೆ ಫಿಲೆಟ್ ತಾನಾಗಿ ಬಾಗಿ ಬರುತ್ತದೆ. ಒಂದು ಸಂದು ಎಳೆದು ಮಲಗಿಸಿಡಿ, ಗಟ್ಟಿಯಾದ ಮೇಲೆ ತಿರುಗಿಸಿ. ಫೋಮಿನಲ್ಲಿ ಅರ್ಧ ಗಂಟೆಗೆ ಮುಗಿಯುತ್ತಿದ್ದದ್ದು ಈಗ ಎರಡು ದಿನ ಹಿಡಿಯುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

"ಎಪಾಕ್ಸಿ ಭಾರ ಅಲ್ವಾ" ಎಂದು ಕೇಳಿದ ಇಂಜಿನಿಯರಿಂಗ್ ಹುಡುಗರಿಗೆ: ನಿಮ್ಮ ಪ್ರಶ್ನೆ ಸರಿಯಾಗಿದೆ. ಲೆಕ್ಕದ ಪ್ರಕಾರ 12 ಗ್ರಾಂ ಇರಬೇಕಾದ ಫೋಮು, ನಾವು ಬಿಚ್ಚಿ ತೂಗಿದ ರಾಕೆಟ್‌ಗಳಲ್ಲಿ ಹೆಚ್ಚು ಸುರಿದು ಸುರಿದು ಅದರ ಎರಡರಷ್ಟಾಗಿತ್ತು. ಎಪಾಕ್ಸಿಯೂ ಅಷ್ಟೇ ತೂಗುತ್ತದೆ. ಆದರೂ ಬಾಲದಲ್ಲಿ ಸೇರುವ ಒಂದೊಂದು ಗ್ರಾಮನ್ನೂ ಲೆಕ್ಕಕ್ಕೆ ಹಿಡಿಯಿರಿ. 650 ಗ್ರಾಂ ರಾಕೆಟ್ಟಿನ ತೂಕದ ಕೇಂದ್ರ ಮೂತಿಯಿಂದ 620 ಮಿ.ಮೀ.ಗೆ ಇದ್ದರೆ, 820ನೇ ಮಿ.ಮೀ.ನಲ್ಲಿ 30 ಗ್ರಾಂ ಸೇರಿಸಿದ ಕೂಡಲೇ ಕೇಂದ್ರ ಸುಮಾರು 9 ಮಿ.ಮೀ. ಹಿಂದೆ ಸರಿಯುತ್ತದೆ. ಒತ್ತಡದ ಕೇಂದ್ರ, ಅಂದರೆ ಗಾಳಿಯ ಒತ್ತು ಒಟ್ಟಾಗಿ ಬೀಳುವ ಜಾಗ, ಇದ್ದಲ್ಲೇ ಇರುತ್ತದೆ. ಮುಂದಿರುವ ತೂಕದ ಕೇಂದ್ರಕ್ಕೂ ಹಿಂದಿರುವ ಒತ್ತಡದ ಕೇಂದ್ರಕ್ಕೂ ನಡುವೆ ಕಡಿಮೆ ಅಂದರೂ ಟ್ಯೂಬಿನ ಒಂದು ವ್ಯಾಸದಷ್ಟು, ಇಲ್ಲಿ 66 ಮಿ.ಮೀ., ಅಂತರ ಇರಲೇಬೇಕು. ಮೂತಿಯಿಂದ 100 ಮಿ.ಮೀ.ನಲ್ಲಿ 12 ಗ್ರಾಂ ಇಟ್ಟರೆ ಕೇಂದ್ರ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಓಪನ್‌ರಾಕೆಟ್ ತಂತ್ರಾಂಶ ಉಚಿತ, ಅದರಲ್ಲಿ ಹಾಕಿ ನೋಡಿಕೊಳ್ಳಿ. ಕೊನೆಗೆ ರಾಕೆಟ್ಟನ್ನು ದಾರದಲ್ಲಿ ತೂಗುಹಾಕಿ ಎಲ್ಲಿ ಸಮತೂಗುತ್ತದೆ ಎಂದು ನೋಡುವುದನ್ನೂ ಬಿಡಬೇಡಿ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ನಾವು ಕೊಡದಿದ್ದರೇನು ಎಂದು ಹಾರ್ಡ್‌ವೇರ್ ಅಂಗಡಿಯಿಂದ ಬಾಗಿಲ ಸಂದಿಗೆ ಹೊಡೆಯುವ ಸ್ಪ್ರೇ ಫೋಮ್ ತಂದು ತುಂಬಬೇಡಿ. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಮುಚ್ಚಿದ ಟ್ಯೂಬಿನೊಳಗೆ ತೇವ ಸಿಗದೆ ವಾರಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಕ್ಯಾನಿನಲ್ಲಿ ಅದನ್ನು ತಳ್ಳುವ ಅನಿಲವೂ ಬೆಂಕಿ ಹಿಡಿಯುವಂಥದ್ದು.

ಹಳೆಯ ಕಿಟ್ಟಿನ ಬಾಟಲಿ ಮನೆಯಲ್ಲಿ ಉಳಿದಿದ್ದರೆ ಮುಚ್ಚಳ ನೋಡಿ. ಹರಳುಗಟ್ಟಿದ್ದರೆ ಅಥವಾ ಬಾಟಲಿ ಉಬ್ಬಿದ್ದರೆ ತೆರೆಯಲು ಹೋಗಬೇಡಿ, ಬಳಸಬೇಡಿ, ಕೊರಿಯರಿಗೂ ಹಾಕಬೇಡಿ. ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ನನಗೆ ಫೋನ್ ಮಾಡಿ. ಟ್ಯೂಬು ಸೀಳಿದವರು ಬಿಲ್ ಹುಡುಕಬೇಕಾಗಿಲ್ಲ, ಫೋಟೋ ಒಂದು ಸಾಕು, ಹೊಸ ಟ್ಯೂಬು ಮತ್ತು ಫಿನ್ನುಗಳನ್ನು ನಮ್ಮ ಖರ್ಚಿನಲ್ಲೇ ಕಳಿಸುತ್ತೇನೆ. ಹಳೆಯ ಬೆಲೆಗೆ ಮುಂಗಡ ಕೊಟ್ಟವರಿಗೆ ಹೊಸ ಕಿಟ್ ಹಳೆಯ ಬೆಲೆಗೇ.

ಫೋಮೇ ಬೇಕು ಅನ್ನುವವರು ಶನಿವಾರ ಬೆಳಿಗ್ಗೆ ಬಿಸಿಲೇರುವ ಮೊದಲು ರಾಕೆಟ್ ಹಿಡಿದು ಅಂತರಸನಹಳ್ಳಿಯ ಶೆಡ್ಡಿಗೆ ಬನ್ನಿ. ಒಳಗಿನ ಫಿಲೆಟ್ ಎಳೆದಿರಬೇಕು, ಹಿಂದಿನ ರಿಂಗ್ ಅಂಟಿಸಿರಬಾರದು. ನಮ್ಮ ಮನೆಯವರು ಕೋಣೆಗೆ 4 ಮಿ.ಲೀ.ನಂತೆ ಅಳೆದು ಸುರಿದುಕೊಡುತ್ತಾರೆ, ಕೂಲಿ ಬೇಡ. ಆ ನೀಲಿ ರಾಕೆಟ್ಟಿನ ಹುಡುಗನೂ ಮುಂದಿನ ಶನಿವಾರ ಬರುತ್ತಿದ್ದಾನೆ, ಅವನ ಹೊಸ ಟ್ಯೂಬನ್ನು ಎತ್ತಿಟ್ಟಿದ್ದೇನೆ.

ಇಂತಿ ನಿಮ್ಮ,
ಪ್ಯಾಕಿಂಗ್ ಮೇಜಿನಿಂದ, ಅಂತರಸನಹಳ್ಳಿ, ತುಮಕೂರು