ಆ ಕೆಲಸ ಮಾಡಿದವರು ಯಾರು?

ಬೀದರ್

ಪ್ರಿಯ ಕಿರಿಯ ಮಿತ್ರರೇ,

ಬೀದರಿನ ಬಗ್ಗೆ ನೀವು ಇಂಗ್ಲಿಷಿನಲ್ಲಿ ಬರೆದು ಕಳಿಸಿದ ಲೇಖನವನ್ನು ಪೂರ್ತಿ ಓದಿದೆ. ವಿವರಗಳಲ್ಲಿ ಕೊರತೆಯೇನೂ ಇಲ್ಲ. ಆದರೆ ಬಿದ್ರಿ ಕೆಲಸದ (ಕಪ್ಪು ಲೋಹದ ಮೇಲೆ ಬೆಳ್ಳಿ ಕೂಡಿಸುವ ಕುಸುರಿಯ) ಭಾಗದಲ್ಲಿ ‘ಬ್ಲ್ಯಾಕನ್ಡ್ ವಿತ್ ದಿ ಅರ್ಥ್ ಆಫ್ ದಿ ಫೋರ್ಟ್, ದಿ ಆರ್ಟಿಸನ್ ಪಾಲಿಷಸ್ ದಿ ವೇಸ್’ ಎಂದಿದ್ದೀರಿ. ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಹೂದಾನಿ ಕಪ್ಪಾಯಿತು ಎಂಬುದು ನಿಮ್ಮ ಅಭಿಪ್ರಾಯ. ವಾಕ್ಯ ಹೇಳುತ್ತಿರುವುದು ಕುಶಲಕರ್ಮಿಯೇ ಕಪ್ಪಾದನೆಂದು. (ದಿನವಿಡೀ ಆ ಕೆಲಸದಲ್ಲಿರುವವರ ಕೈ ನೋಡಿದರೆ ಅದೂ ಪೂರ್ತಿ ಸುಳ್ಳಲ್ಲವೆನ್ನಿ.)

ಪದಪುಂಜಗಳನ್ನು ನಾಮ, ವಿಶೇಷಣ, ಕ್ರಿಯಾವಿಶೇಷಣ, ಪ್ರೆಪೊಸಿಷನ್ ಎಂದು ವಿಂಗಡಿಸುವ ಪಾಠ ನಿಮಗೆ ಶಾಲೆಯಲ್ಲೇ ಆಗಿದೆ, ಅವುಗಳಿಂದ ನಿಮ್ಮ ಬರಹಕ್ಕೆ ಅಂಥ ತೊಂದರೆಯೂ ಇಲ್ಲ. ತೊಂದರೆ ಇರುವುದು ವರ್ಬಲ್‌ಗಳಲ್ಲಿ, ಅಂದರೆ ಕ್ರಿಯಾಪದದಿಂದಲೇ ಹುಟ್ಟಿದರೂ ವಾಕ್ಯದ ಮುಖ್ಯ ಕ್ರಿಯಾಪದವಾಗಿ ನಿಲ್ಲಲಾರದ ಜೆರಂಡ್ (ನಾಮಪದದಂತೆ ಬರುವ ‘ಇಂಗ್’ ರೂಪ), ಪಾರ್ಟಿಸಿಪಲ್ (ವಿಶೇಷಣದಂತೆ ಬರುವ ರೂಪ), ಇನ್ಫಿನಿಟಿವ್‌ಗಳಲ್ಲಿ (‘ಟು’ ಜೊತೆ ಬರುವ ಮೂಲರೂಪ). ಇವು ಕರ್ಮವನ್ನು ತೆಗೆದುಕೊಳ್ಳುತ್ತವೆ, ಆದರೆ ಕರ್ತೃ ಯಾರೆಂದು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ವಾಕ್ಯದ ಮೊದಲಲ್ಲೇ ಪಾರ್ಟಿಸಿಪಲ್ ಬಂದರೆ ಓದುಗರು ಮುಂದೆ ಬರುವ ಕರ್ತೃವಿಗೇ ಅದನ್ನು ಅನ್ವಯಿಸಿಕೊಳ್ಳುತ್ತಾರೆ. ನಿಮ್ಮ ‘ಹ್ಯಾವಿಂಗ್ ಬೀನ್ ಎಕ್ಸಿಕ್ಯೂಟೆಡ್ ಇನ್ 1481, ದಿ ಬಹಮನಿ ಕಿಂಗ್ಡಮ್ ಬಿಗ್ಯಾನ್ ಟು ವೀಕನ್’ ಎಂಬ ವಾಕ್ಯದಲ್ಲಿ ಮರಣದಂಡನೆಗೆ ಒಳಗಾದದ್ದು ಬಹಮನಿ ಮಂತ್ರಿ ಮಹಮೂದ್ ಗಾವಾನನಲ್ಲ, ಇಡೀ ರಾಜ್ಯ! ‘ಆಫ್ಟರ್ ಮಹಮೂದ್ ಗಾವಾನ್ ವಾಸ್ ಎಕ್ಸಿಕ್ಯೂಟೆಡ್’ ಎಂದು ಪೂರ್ಣ ಉಪವಾಕ್ಯ ಬರೆದರೆ ಸಾಕು.

ಇಂಥ ತಪ್ಪು ನಮ್ಮ ಕಿವಿಗೆ ತಪ್ಪೆಂದು ಕೇಳಿಸದಿರುವುದಕ್ಕೆ ಕಾರಣ ಕನ್ನಡದಲ್ಲಿದೆ ಎಂಬುದು ನನ್ನ ನಂಬಿಕೆ. ‘ಮಳೆ ಬಂದು ತೊಗರಿ ಕೊಳೆಯಿತು’ ಎಂದು ನಮ್ಮ ಕಡೆಯ ರೈತರು ಹೇಳಿದರೆ ಬಂದದ್ದು ಮಳೆ, ಕೊಳೆತದ್ದು ತೊಗರಿ. ಎರಡು ಕರ್ತೃಗಳಿದ್ದರೂ ‘ಬಂದು’ ಎಂಬಂಥ ಕೃದಂತಾವ್ಯಯಕ್ಕೆ ಬಾಧಕವಿಲ್ಲ. ‘ಓದಿದ’ ಎಂಬಂಥ ಕೃದಂತ ವಿಶೇಷಣಕ್ಕಂತೂ ಇನ್ನೂ ಹೆಚ್ಚಿನ ಸ್ವಾತಂತ್ರ್ಯ. ನಾನು ಓದಿದ ಪುಸ್ತಕ, ನಾನು ಓದಿದ ಶಾಲೆ, ನಾನು ಓದಿದ ವರ್ಷ: ಒಂದೇ ರೂಪ ಕರ್ಮಕ್ಕೂ ಸ್ಥಳಕ್ಕೂ ಕಾಲಕ್ಕೂ ಹೊಂದುತ್ತದೆ, ಸಂಬಂಧ ಯಾವುದೆಂಬುದನ್ನು ಕೇಳುವವರು ತಾವೇ ತಿಳಿದುಕೊಳ್ಳುತ್ತಾರೆ. ಇಂಗ್ಲಿಷಿನ ಪಾರ್ಟಿಸಿಪಲ್‌ಗೆ ಆ ಸಲುಗೆ ಇಲ್ಲ. ಪುಸ್ತಕಕ್ಕೆ ಅದು ಒಗ್ಗೀತು, ಶಾಲೆಗೆ ‘ವೇರ್’, ವರ್ಷಕ್ಕೆ ‘ವೆನ್’ ಹಾಕಿ ಉಪವಾಕ್ಯವನ್ನೇ ಕಟ್ಟಬೇಕಾಗುತ್ತದೆ. ಬೇರೆ ಕರ್ತೃವನ್ನು ಜೊತೆಗಿಟ್ಟುಕೊಳ್ಳುವ ಅಬ್ಸಲ್ಯೂಟ್ ಫ್ರೇಸ್ ಅಲ್ಲಿಯೂ ಉಂಟು, ‘ದಿ ರೇನ್ಸ್ ಹ್ಯಾವಿಂಗ್ ಫೇಲ್ಡ್’ ಎಂಬಂತೆ, ಆದರೆ ಪದೇಪದೇ ಬಳಸಿದರೆ ಗದ್ಯ ಬಿಗಿದುಕೊಳ್ಳುತ್ತದೆ.

ನಿಮ್ಮ ಇನ್ನೊಂದು ಅಭ್ಯಾಸವೂ ಕನ್ನಡದಿಂದಲೇ ಬಂದದ್ದು. ಸತು ತಾಮ್ರ ಕರಗಿಸಿ, ಅಚ್ಚಿಗೆ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ, ಉಳಿಯಿಂದ ಗೆರೆ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಬಡಿದು ಕೂಡಿಸುತ್ತಾರೆ ಎಂದರೆ ಕನ್ನಡದಲ್ಲಿ ಒಂದರ ನಂತರ ಒಂದು ನಡೆದದ್ದು ಸ್ಪಷ್ಟ. ನೀವು ಅದನ್ನೇ ‘ಮೆಲ್ಟಿಂಗ್, ಕಾಸ್ಟಿಂಗ್, ಫೈಲಿಂಗ್, ಎನ್‌ಗ್ರೇವಿಂಗ್’ ಎಂದು ಸಾಲುಗಟ್ಟಿಸಿದ್ದರಿಂದ ಎಲ್ಲವೂ ಏಕಕಾಲಕ್ಕೆ ನಡೆದಂತಿದೆ. ಅಲ್ಲಿ ಕಾಲಸೂಚಕ ಕ್ರಿಯಾಪದಗಳನ್ನೇ ಬಳಸಿ, ವಾಕ್ಯವನ್ನು ಎರಡು ಮೂರಾಗಿ ಒಡೆಯಿರಿ.

‘ಎಂಜಾಯ್’ ನಂತರ ಜೆರಂಡ್, ‘ವಾಂಟ್’ ನಂತರ ಇನ್ಫಿನಿಟಿವ್ ಏಕೆಂಬುದಕ್ಕೆ ಸೂತ್ರ ಹುಡುಕಬೇಡಿ, ನಿಘಂಟು ನೋಡಿ. ‘ಲುಕ್ ಫಾರ್ವರ್ಡ್ ಟು’ ಎಂಬಲ್ಲಿನ ‘ಟು’ ಪ್ರೆಪೊಸಿಷನ್ ಆದ್ದರಿಂದ ಮುಂದೆ ‘ಮೀಟಿಂಗ್’ ಬರಬೇಕು, ‘ಮೀಟ್’ ಅಲ್ಲ. ಇನ್ಫಿನಿಟಿವ್ ಅನ್ನು ಒಡೆಯಬಾರದೆಂದು, ಅಂದರೆ ‘ಟು’ ಮತ್ತು ಕ್ರಿಯಾಪದದ ನಡುವೆ ಬೇರೆ ಪದ ತರಬಾರದೆಂದು, ನಿಮಗೆ ಯಾರೋ ಹೇಳಿದಂತಿದೆ. ಇಂಗ್ಲಿಷ್ ಲೇಖಕ ಹೆನ್ರಿ ಆಲ್ಫರ್ಡ್ 1864ರಲ್ಲೇ ಹಾಗೆ ಒಡೆಯುವುದನ್ನು ಆಕ್ಷೇಪಿಸಿದ್ದರು, ಆದರೆ ಆ ಭಯಕ್ಕೆ ವಾಕ್ಯದ ಸಹಜತೆಯನ್ನು ಬಲಿ ಕೊಡುವುದು ನನಗಂತೂ ಸರಿಕಾಣುವುದಿಲ್ಲ.

ತಿದ್ದುವಾಗ ಪ್ರತಿ ವರ್ಬಲ್ ಕೆಳಗೆ ಗೆರೆ ಎಳೆದು, ಆ ಕೆಲಸ ಮಾಡಿದವರು ಅಥವಾ ಅನುಭವಿಸಿದವರು ಯಾರೆಂದು ಬದಿಯಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ. ಆ ಹೆಸರು ಮುಖ್ಯ ವಾಕ್ಯದ ಕರ್ತೃವಿಗೆ ಹೊಂದದಿದ್ದರೆ ವಾಕ್ಯವನ್ನು ಮತ್ತೆ ಕಟ್ಟಿ. ನೌಬಾದಿನ ಕಾರೇಜ್ (ನೆಲದಡಿಯ ನೀರಿನ ಕಾಲುವೆ) ಬಗೆಗಿನ ಪ್ಯಾರಾವನ್ನು ಮಾತ್ರ ಮುಟ್ಟಬೇಡಿ. ‘ವಾಟರ್ ಫ್ಲೋಯಿಂಗ್ ಅಂಡರ್‌ಗ್ರೌಂಡ್’ ಎಂಬಲ್ಲಿ ಪಾರ್ಟಿಸಿಪಲ್ ತನ್ನ ನಾಮಪದದ ಪಕ್ಕದಲ್ಲೇ ಇದೆ.

ನಿಮ್ಮ ಹಿತೈಷಿ